ಒಂದೂವರೆ ಮೀಟರ್

ಮೊನ್ನೆ ಪುಣೆಯ ಕೋಥರೂಡದಲ್ಲಿ ಬಸ್ಸಿನಿಂದಿಳಿದು ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಬೆಸುಗೆಯ ವಾಸನೆ ಬಂತು. ಕಾದ ಮೊನೆಗೆ ರಾಳ ತಾಗಿದಾಗ ಏಳುವ ಆ ಹೊಗೆ ನಿಮಗೂ ಪರಿಚಯವಿರಬಹುದು. ಸ್ವಲ್ಪ ಧೂಪದ ಹಾಗೆ, ಸ್ವಲ್ಪ ಸೀದ ಬೆಲ್ಲದ ಹಾಗೆ. ನನ್ನ ಕೈಚೀಲದಲ್ಲಿ ಹೆಂಡತಿ ಹೇಳಿದ್ದ ಮೆಂತ್ಯದ ಸೊಪ್ಪಿತ್ತು, ಹೇಳಿದ್ದ ಹೊತ್ತು ಆಗಲೇ ಮೀರಿತ್ತು. ಆದರೂ ನಿಂತೆ. ಅಂಗಡಿಯವನು ತಲೆಯೆತ್ತಿ ಮರಾಠಿಯಲ್ಲಿ ಏನು ಬೇಕೆಂದು ಕೇಳಿದ. ಏನೂ ಬೇಡ, ವಾಸನೆ ನೋಡುತ್ತಿದ್ದೇನೆ ಎಂದು ಹೇಳಲು ಆಗುತ್ತದೆಯೇ? ಚಾರ್ಜರಿನ ಬೆಲೆ ಕೇಳಿದಂತೆ ಮಾಡಿ ಇನ್ನೆರಡು ನಿಮಿಷ ನಿಂತು ಬಂದೆ.

ಆ ಎರಡು ನಿಮಿಷ ನನ್ನ ತಲೆಯಲ್ಲಿದ್ದವರು ಪುಣೆಯ ಹತ್ತಿರದ ದೌಂಡದ ಗುರುಬಸಪ್ಪನವರು. ನನ್ನ ಹೆಂಡತಿ ವಿಮಲಾಳ ಸೋದರಮಾವ. ರೈಲ್ವೆಯಲ್ಲಿ ಸಿಗ್ನಲ್ಲು, ಟೆಲಿಫೋನುಗಳ ತಂತಿ ನೋಡಿಕೊಳ್ಳುವ ಕೆಲಸದಲ್ಲಿ ಮೂರು ದಶಕಕ್ಕೂ ಹೆಚ್ಚು ಕಳೆದು ನಿವೃತ್ತರಾದವರು. ಎತ್ತರದ ಆಳು, ಬಿಳಿ ಪೈಜಾಮ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ಮದುವೆ ಮನೆಗೆ ಬಂದರೂ ಮೊದಲು ನೋಡುತ್ತಿದ್ದುದು ಹಂದರಕ್ಕೆ ಎಳೆದ ದೀಪದ ತಂತಿಯನ್ನು, ಆಮೇಲೆ ವಧುವನ್ನು. ನಮ್ಮ ಮದುವೆಯಲ್ಲೂ ಹಾಗೇ ಮಾಡಿದ್ದರೆಂದು ವಿಮಲಾ ಇಂದಿಗೂ ಹೇಳುತ್ತಾಳೆ.

ಅವರ ಮಾತಿಗೆ ಬರುವ ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಧಾರವಾಡದಿಂದ ಪುಣೆಗೆ ಬಂದ ನಾನು ತೊಂಬತ್ತರ ದಶಕದಲ್ಲಿ ಕೋಥರೂಡದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ನೆಲಮಹಡಿಯಲ್ಲಿದ್ದ ಎರಡು ಕೋಣೆಗಳ ಸ್ಟುಡಿಯೋದಲ್ಲಿ ವಿಡಿಯೋ ಸಂಕಲನಕಾರನಾಗಿದ್ದೆ. ಮಾಲೀಕರು ಜಯಂತರಾವ್. ಒಳ್ಳೆಯವರು, ಆದರೆ ಅವಸರದವರು. ಕುರ್ಚಿಯಲ್ಲಿ ಕುಳಿತಾಗಲೂ ಹೆಲ್ಮೆಟ್ಟನ್ನು ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದರು. ಮೊದಲು ನಾವು ಒಂದು ಟೇಪಿನಿಂದ ಇನ್ನೊಂದು ಟೇಪಿಗೆ ದೃಶ್ಯಗಳನ್ನು ಇಳಿಸಿ ಜೋಡಿಸುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಟೇಪಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಹಾಕಿಕೊಂಡು, ಬೇಕಾದ ಕಡೆ ಕತ್ತರಿಸಿ, ಬೇಕಾದ ಕಡೆ ಅಂಟಿಸುವ ಸುಖ ಬಂತು. ಆ ಸುಖದ ಜೊತೆಗೇ ನನಗೆ ಸ್ವಲ್ಪ ಗರ್ವವೂ ಬಂತು. ಆ ಭಾಗದಲ್ಲಿ ಇಂಥ ಯಂತ್ರ ನಡೆಸಲು ಬರುತ್ತಿದ್ದವರು ನಾಲ್ಕಾರು ಜನರಷ್ಟೇ, ಅದರಲ್ಲಿ ನಾನೊಬ್ಬ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಇಂದು ಹುಡುಗರು ಜೇಬಿನಿಂದ ತೆಗೆಯುವ ಡಿಸ್ಕಿನಲ್ಲಿ ಇಡೀ ಸಿನಿಮಾ ಇರುತ್ತದೆ. ಆಗ ಚಲಿಸುವ ಚಿತ್ರದ ಓಟಕ್ಕೆ ಒಂದು ಡಿಸ್ಕಿನ ಓಟ ಸಾಲುತ್ತಿರಲಿಲ್ಲ. ಹಾಗಾಗಿ ನಾಲ್ಕು ಡಿಸ್ಕುಗಳನ್ನು ಒಂದಕ್ಕೊಂದು ಕೇಬಲ್ಲಿನಿಂದ ಪೋಣಿಸಿ, ಪ್ರತಿ ದೃಶ್ಯವನ್ನೂ ಚೂರು ಮಾಡಿ ನಾಲ್ಕಕ್ಕೂ ಸರದಿಯಂತೆ ಹಂಚುತ್ತಿದ್ದೆವು. ಓದುವಾಗ ನಾಲ್ಕೂ ಒಟ್ಟಿಗೆ ಚೂರುಗಳನ್ನು ಒಪ್ಪಿಸಬೇಕು. ಒಂದು ಡಿಸ್ಕು ಗೈರುಹಾಜರಾದರೆ ಉಳಿದ ಮೂರರಲ್ಲಿರುವುದೆಲ್ಲ ಬರೀ ಪುಡಿ. ಈ ಪೋಣಿಸುವ ಪದ್ಧತಿಗೆ ಸ್ಕಝಿ ಎಂದು ಹೆಸರು. ಅದಕ್ಕೊಂದು ನಿಯಮಪತ್ರವಿತ್ತು. ಯಾವ ಡಿಸ್ಕಿಗೆ ಯಾವ ಸಂಖ್ಯೆ, ಸರಪಳಿಯ ಕೊನೆಗೆ ಎಂಥ ಮುಚ್ಚಳ, ಎಲ್ಲ ಅದರಲ್ಲಿತ್ತು. ನಮ್ಮ ವೇಗಕ್ಕೆ, ನಮ್ಮಷ್ಟು ಡಿಸ್ಕುಗಳಿಗೆ, ಕೇಬಲ್ಲಿನ ಒಟ್ಟು ಉದ್ದ ಒಂದೂವರೆ ಮೀಟರ್ ಮೀರಬಾರದು ಎಂದೂ ಅದರಲ್ಲಿತ್ತು.

ನಾನು ಮೀರಿದೆ. ಡಿಸ್ಕುಗಳ ಪಂಖಗಳು ಗಿರಣಿಯ ಹಾಗೆ ಸದ್ದು ಮಾಡುತ್ತಿದ್ದವು, ನಿರೂಪಣೆಯ ಧ್ವನಿ ದಾಖಲಿಸಲು ಅಡ್ಡಿಯಾಗುತ್ತಿತ್ತು. ಒಂದು ದಿನ ನಾನೇ ಡ್ರಿಲ್ ತಂದು ಎರಡು ಕೋಣೆಗಳ ನಡುವಿನ ಗೋಡೆಗೆ ತೂತು ಕೊರೆದು, ಉದ್ದದ ಕೇಬಲ್ ಮಾಡಿಸಿ, ಡಿಸ್ಕುಗಳನ್ನು ಆಚೆಯ ಕೋಣೆಗೆ ಸಾಗಿಸಿದೆ. ಒಟ್ಟು ಉದ್ದ ಮೂರು ಮೀಟರಿನ ಮೇಲಾಯಿತು. ಕೆಲಸ ನಡೆಯಿತು. ನಿಯಮಪತ್ರ ಬರೆದವರು ಅಂಜುಬುರುಕರು, ನಮ್ಮ ಜನ ಮೂವರು ಕೂತ ಸ್ಕೂಟರನ್ನೂ ದಿಬ್ಬ ಹತ್ತಿಸುತ್ತಾರೆ, ಇದೇನು ಮಹಾ ಎಂದುಕೊಂಡೆ. ಜಯಂತರಾವ್ ನನ್ನ ಬೆನ್ನು ತಟ್ಟಿದರು.

ಅದೇ ದಿನಗಳಲ್ಲಿ ಊರಿನ ಇನ್ನೊಂದು ತುದಿಯ ಯೆರವಡಾದ ಕಡೆ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಕಟ್ಟುವವರಲ್ಲಿ ಬಹಳ ಜನ ಯಾದಗಿರಿ, ರಾಯಚೂರು ಕಡೆಯವರು. ಅವರಿಗೆ ಅಕ್ಷರ ಕಲಿಸುವ ಒಂದು ಪುಟ್ಟ ಗುಂಪು ಸಂಜೆಯ ತರಗತಿ ನಡೆಸುತ್ತಿತ್ತು. ಆ ಗುಂಪಿನವರು ತಮ್ಮ ಕೆಲಸದ ಬಗ್ಗೆ ಒಂದು ಚಿತ್ರ ಮಾಡಿಸಲು ನಮ್ಮಲ್ಲಿಗೆ ಬಂದರು. ಸ್ಟುಡಿಯೋದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ, ಹಾಗಾಗಿ ಚಿತ್ರೀಕರಣಕ್ಕೂ ನಾನೇ ಹೋದೆ. ಬಿಸಿಲಿಳಿಯುವ ಹೊತ್ತಿಗೆ ಅರ್ಧ ಎದ್ದ ಗೋಡೆಯ ಪಕ್ಕದಲ್ಲಿ ತಾಡಪತ್ರಿ ಹಾಸಿ ಕೂತಿದ್ದರು. ಅವರಲ್ಲಿ ಒಬ್ಬ ಹಣಮಂತ. ಮೂವತ್ತು ದಾಟಿದ, ಸಪೂರ ಮೈಯ, ಕಿವಿಯಲ್ಲಿ ಸಣ್ಣ ಬಂಗಾರದ ಕಡಕು ಹಾಕಿದ ಗೌಂಡಿ. ಪಾಟಿಯ ಮೇಲೆ ಹೆಸರು ಬರೆದು ಕ್ಯಾಮೆರಾಕ್ಕೆ ತೋರಿಸಲು ಹೇಳಿದೆ. ಬರೆದ, ಎಂಜಲು ಹಚ್ಚಿ ಒರೆಸಿದ, ಮತ್ತೆ ಬರೆದ. ಮೂರನೆಯ ಸಲ ಎತ್ತಿ ಹಿಡಿದು ಓದಿದ.

"ಹಣಮಂತ. ಈ ಗ್ವಾಡಿ ನಾನೇ ಕಟ್ಲಾಕತ್ತೀನ್ರಿ."

ಹಿಂದಿನ ಗೋಡೆಯನ್ನು ಕೈಯಿಂದ ಬಡಿದು ತೋರಿಸಿ ನಕ್ಕ. ಗೋಡೆಯ ಮೇಲೆ ಗುತ್ತೇದಾರನ ಹೆಸರಿನ ಹಲಗೆ ನೇತಾಡುತ್ತಿತ್ತು.

ಆ ಚಿತ್ರ ಅರ್ಧಕ್ಕೆ ನಿಂತಿತು. ಗುಂಪಿನವರು ಮಳೆಗಾಲ ಮುಗಿದ ಮೇಲೆ ಮುಂದುವರಿಸೋಣ ಎಂದರು. ಅಷ್ಟರಲ್ಲಿ ಒಂದು ಮುಂಜಿಯ ಕೆಲಸ ಬಂತು, ಖಾಲಿ ಟೇಪು ಇರಲಿಲ್ಲ. ತರಗತಿಯ ಟೇಪು ಕೈಗೆ ಸಿಕ್ಕಿತು. ಹೇಗೂ ಎಲ್ಲವೂ ಡಿಸ್ಕಿನಲ್ಲಿದೆ ಎಂದುಕೊಂಡು ಅದರ ಮೇಲೆಯೇ ಮುಂಜಿಯನ್ನು ಚಿತ್ರಿಸಿದೆ. ಯಾರೂ ಹೇಳಿದ್ದಲ್ಲ. ನಾನೇ ಮಾಡಿದ್ದು.

ಮಳೆಗಾಲ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಸ್ಟುಡಿಯೋದ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಇಪ್ಪತ್ತೆಂಟು ಮೂವತ್ತರ ವಯಸ್ಸು, ಕೈಯಲ್ಲಿ ವಿಳಾಸ ಬರೆದ ಚೀಟಿ. ಯೆರವಡಾದಿಂದ ಎರಡು ಬಸ್ಸು ಬದಲಿಸಿ, ದಾರಿ ಕೇಳಿಕೊಂಡು ಬಂದಿದ್ದಳು. ಹೆಸರು ಮಲ್ಲಮ್ಮ, ಹಣಮಂತನ ಹೆಂಡತಿ.

"ಗ್ವಾಡಿ ಬಿದ್ದು ನನ್ನ ಗಂಡ ಹ್ವಾದನ್ರಿ," ಎಂದಳು. "ಹದಿನೈದು ದಿನ ಆತು. ಗುತ್ತೇದಾರ ಈಗ ಅಂತಾನ, ಹಣಮಂತ ಅನ್ನೋನು ನಮ್ಮಲ್ಲಿ ಕೆಲಸಕ್ಕ ಇದ್ದೇ ಇಲ್ಲ, ಹಾದ್ಯಾಗ ಹೋಗೋನು ಬಂದು ಗ್ವಾಡಿ ಬುಡಕ ನಿಂತಿದ್ದ ಅಂತ. ಪಟ್ಟ್ಯಾಗ ಹೆಸರಿಲ್ರಿ. ಜ್ವತಿಗೆ ಇದ್ದ ಗೌಂಡ್ಯಾರ್ನ ಬ್ಯಾರೆ ಸೈಟಿಗೆ ಒಯ್ದು ಹಾಕ್ಯಾರ. ನೀವು ಸಿನಿಮಾ ತಗದಿದ್ದಿರಲ್ರಿ, ಅದರಾಗ ಅವ ಅದಾನಂತ ಸಾಲಿ ಅಕ್ಕಾರು ಹೇಳಿದ್ರು. ಅವರು ಸಾಲಿಗೆ ಬರ್ತಿದ್ದ ಅಂತ ಹೇಳಬಹುದು, ಕೆಲಸಕ್ಕಿದ್ದ ಅಂತ ಹ್ಯಾಂಗ ಹೇಳ್ತಾರ್ರಿ?"

ಇನ್ನು ಹತ್ತು ದಿನಕ್ಕೆ, ಸೋಮವಾರ, ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ ಇತ್ತು. ಮಲ್ಲಮ್ಮ ಅಳಲಿಲ್ಲ. "ಅವ ಇದ್ದ ಅಂತ ಬರಸ್ಬೇಕ್ರಿ. ಅಷ್ಟ," ಎಂದಳು.

"ಅದ, ಚಿಂತೀ ಮಾಡಬ್ಯಾಡ್ರಿ. ಎರಡ ದಿನದಾಗ ಕ್ಯಾಸೆಟ್ ಮಾಡಿ ಕೊಡ್ತೀನಿ," ಎಂದೆ. ಅವಳು ಹೋದ ಮೇಲೆ ಯಂತ್ರ ಚಾಲೂ ಮಾಡಿದೆ.

ಕಂಪ್ಯೂಟರ್ ಎದ್ದೇಳುವಾಗ ಸರಪಳಿಯಲ್ಲಿರುವ ಡಿಸ್ಕುಗಳ ಹಾಜರಿ ತೆಗೆದುಕೊಳ್ಳುತ್ತದೆ. ಅಂದು ನಾಲ್ಕರಲ್ಲಿ ಮೂರು ಹಾಜರಿ ಹೇಳಿದವು. ಆರಿಸಿ ಮತ್ತೆ ಹಚ್ಚಿದೆ, ಎರಡು. ಮತ್ತೆ ಹಚ್ಚಿದೆ, ಒಂದೂ ಇಲ್ಲ. ಅದಕ್ಕೂ ಮುಂಚೆ ಒಂದೆರಡು ವಾರದಿಂದ ಚಿತ್ರ ಆಗಾಗ ತಡವರಿಸುತ್ತಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಕಪಾಟಿನಲ್ಲಿದ್ದ ಮುಂಜಿಯ ಟೇಪು ತೆಗೆದು, ಕೊನೆಯಲ್ಲಾದರೂ ಹಳೆಯದು ಉಳಿದಿದೆಯೇ ಎಂದು ಓಡಿಸಿ ನೋಡಿದೆ. ಕೊನೆಯವರೆಗೂ ಮುಂಜಿಯೇ. ವಟುವಿನ ಅಜ್ಜಿ ಲಾಡು ಹಂಚುತ್ತಿದ್ದಳು.

ಯಂತ್ರ ಮಾರಿದ ಅಂಗಡಿಯಿಂದ ಮಂಗಳವಾರ ತಂತ್ರಜ್ಞ ಬಂದ, ಅರ್ಧ ಗಂಟೆ ನೋಡಿದ. ಡಿಸ್ಕುಗಳನ್ನು ಅಳಿಸಿ ಹೊಸದಾಗಿ ಜೋಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದ. ಒಳಗಿರುವುದು ಏನಾಗುತ್ತದೆ ಎಂದು ಕೇಳಿದೆ. ಅದು ಹೋಯಿತೆಂದೇ ತಿಳಿಯಿರಿ ಎಂದ. ಜಯಂತರಾವ್ ಹೆಲ್ಮೆಟ್ ತಿರುಗಿಸುತ್ತ, "ಫಾರ್ಮ್ಯಾಟ್ ಕರೂನ್ ಟಾಕ್," ಎಂದರು. ಅಳಿಸಿ ಹಾಕು ಎಂದು ಅರ್ಥ. ಅವರ ತಪ್ಪಲ್ಲ. ಹೊಸ ಧಾರಾವಾಹಿಯ ಕೆಲಸ ಮುಂದಿನ ವಾರ ಶುರುವಾಗುವುದಿತ್ತು. ನನಗೆ ಶನಿವಾರದವರೆಗೆ ಸಮಯ ಕೊಡಿ ಎಂದೆ. ಕೊಟ್ಟರು. ಏಕೆ ಎಂದು ಕೇಳಿದರೆ ಟೇಪಿನ ವಿಷಯ ಹೇಳಬೇಕಾಗುತ್ತಿತ್ತು. ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಿಮಲಾಳಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಊಟದ ತಾಟು ಪಕ್ಕಕ್ಕೆ ಸರಿಸಿ, "ತಂತಿ ವಿಷಯ ಅಂದ್ರ ಮಾಮಾಗ ಕೇಳ್ರಿ," ಎಂದಳು.

ನನಗೆ ನಗು ಬಂತು. ರೈಲ್ವೆ ತಂತಿಯ ಮನುಷ್ಯನಿಗೆ ಕಂಪ್ಯೂಟರ್ ಏನು ಗೊತ್ತು ಎಂದೆ. "ನಿಮಗ ಎಲ್ಲಾ ಗೊತ್ತದ, ಆದ್ರೂ ನಡೀಲಿಲ್ಲಲ್ಲ," ಎಂದು ಅವಳೇ ಎದ್ದು ಹೋಗಿ ದೌಂಡಕ್ಕೆ ಫೋನ್ ಮಾಡಿದಳು.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ಗುರುಬಸಪ್ಪನವರು ಬಂದಿಳಿದರು. ಬಗಲಲ್ಲಿ ಖಾಕಿ ಚೀಲ. ಅದರಲ್ಲಿ ಒಂದು ಮೀಟರು, ಬೆಸುಗೆಯ ಕಡ್ಡಿ, ರಾಳದ ಡಬ್ಬಿ, ಗೆರೆ ಹಾಕಿದ ನೋಟ್‌ಬುಕ್ಕು, ರೊಟ್ಟಿಯ ಗಂಟು. ಸ್ಟುಡಿಯೋದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ದೇವರ ಕೋಣೆಗೆ ಬರುವವರ ಹಾಗೆ.

"ಇದರ ಹೆಸರೇನ್ರಿ?"

"ಸ್ಕಝಿ ಅಂತಾರ."

"ಕಜ್ಜಿ?"

"ಸ್ಕಝಿ."

"ಕಜ್ಜೀನ ಇರ್ಲಿ ಬಿಡ್ರಿ. ಒಬ್ಬಗ ಬಂದ್ರ ಸಾಲಿನಾಗ ಕುಂತವರಿಗೆಲ್ಲ ಹತ್ತತದ, ಹೌದಲ್ಲ?" ಎಂದರು. ತಂತ್ರಜ್ಞ ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಅವರು ಹೆಸರು ಕೇಳಿಯೇ ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಜ್ಜಿಯೇ ಆಯಿತು.

ಆಮೇಲೆ ಕೇಳಿದರು, "ಮೊದಲ ನಡೀತಿತ್ತು, ಈಗ ನಡ್ಯಾಂಗಿಲ್ಲ. ನಡೂವ ಏನ ಬದಲ ಮಾಡೀರಿ?"

"ಏನೂ ಇಲ್ರಿ," ಎಂದೆ.

ಅವರು ಕೇಬಲ್ಲಿನ ಜಾಡು ಹಿಡಿದು ನಡೆದರು. ಗೋಡೆಯ ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರೊಳಗೆ ಬೆರಳು ಹಾಕಿದರು. ಬೆರಳಿಗೆ ಹೊಸ ಸಿಮೆಂಟಿನ ಪುಡಿ ಅಂಟಿತು. ಅದನ್ನು ನನಗೆ ತೋರಿಸಿದರು.

ಎಲ್ಲ ಹೇಳಿದೆ. ತೂತು, ಉದ್ದದ ಕೇಬಲ್ಲು, ಮುಂಜಿ, ಹಣಮಂತ, ಮಲ್ಲಮ್ಮ. ಹೇಳುತ್ತ ಹೋದಂತೆ ನನ್ನ ಧ್ವನಿ ಶಾಲೆಯ ಹುಡುಗನದಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು. "ನಿಯಮದ ಕಾಗದ ಅದ ಏನು? ಓದ್ರಿ," ಎಂದರಷ್ಟೆ.

ನಾನು ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಸರಪಳಿಯ ಕೊನೆಗೆ ಮುಚ್ಚಳ ಹಾಕದಿದ್ದರೆ ಸಂಕೇತ ಕೊನೆಗೆ ಬಡಿದು ಹಿಂತಿರುಗಿ ಬರುತ್ತದೆ ಎಂಬಲ್ಲಿಗೆ ಬಂದಾಗ ಕಣ್ಣು ತೆರೆದರು.

"ಇದು ನಮ್ಮದ ವಿದ್ಯಾ ಅದ ನೋಡ್ರಿ. ದೌಂಡದಿಂದ ಸೊಲ್ಲಾಪುರ ತನಕ ತಂತಿ ಎಳದಾಗ ನಾವೂ ಇದನ್ನ ಮಾಡ್ತಿದ್ವಿ. ಕೊನಿ ಸರಿ ಮುಚ್ಚಲಿಲ್ಲಂದ್ರ ನೀವು ಆಡಿದ ಮಾತು ನಿಮಗ ತಿರುಗಿ ಕೇಳ್ತದ, ಆ ಕಡಿಯಾಂವಗ ಗದ್ಲ ಕೇಳ್ತದ. ಡಿಸ್ಕ್ ಸತ್ತಿಲ್ಲ ಅಳಿಯಂದ್ರ. ಅದು ಮಾತಾಡಾಕತ್ತದ, ನಿಮಗ ಕೇಳವಲ್ದು. ಯಾರರೆ ಅಳಸ್ರಿ ಅಂದ್ರ ಅಳಸಬ್ಯಾಡ್ರಿ."

ನಾನು ನಿಯಮಪತ್ರ ಮಡಚಿಟ್ಟು ಎದ್ದೆ.

ಮೊದಲು ಗೋಡೆಯ ತೂತಿನಿಂದ ಕೇಬಲ್ ಹಿಂದಕ್ಕೆ ಎಳೆದು, ಡಿಸ್ಕುಗಳನ್ನು ಮೇಜಿನ ಬಳಿಗೆ ತಂದೆವು. ಹಳೆಯ ಗಿಡ್ಡ ಕೇಬಲ್ಲುಗಳು ರಟ್ಟಿನ ಡಬ್ಬಿಯಲ್ಲಿ ಮಡಚಿ ಮುದ್ದೆಯಾಗಿ ಬಿದ್ದಿದ್ದವು. ನಾನೇ ಒತ್ತಿ ತುಂಬಿದ್ದೆ. ಒಂದೊಂದರಲ್ಲಿ ಅರವತ್ತೆಂಟು ತಂತಿ, ಕೂದಲಿನಷ್ಟು ತೆಳು. ಒಂದನ್ನೂ ಬಿಡದೆ ನೋಡಬೇಕು ಎಂದರು ಗುರುಬಸಪ್ಪನವರು. ನಾನು ಒಂದು ತುದಿಯಲ್ಲಿ ಸೂಜಿ ಹಿಡಿದು ಸಂಖ್ಯೆ ಹೇಳಬೇಕು, ಅವರು ಇನ್ನೊಂದು ತುದಿಯಲ್ಲಿ ಮೀಟರು ಹಿಡಿದು ಕೇಳಬೇಕು. ಕುಂಯ್ ಎಂದರೆ ನೋಟ್‌ಬುಕ್ಕಿನಲ್ಲಿ ಗೀಟು. ಹೀಗೆ ಎರಡು ದಿನ. ಹತ್ತು ಹದಿನೈದಾದ ಮೇಲೆ ನಾನು ಅವಸರಪಟ್ಟರೆ ಅವರು ಮೀಟರು ಕೆಳಗಿಟ್ಟು ಕೂತುಬಿಡುತ್ತಿದ್ದರು. ನಾನು ಸರಿಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು. ನಾಲ್ಕಾರು ಜನರಲ್ಲೊಬ್ಬನಾದ ನನ್ನ ವಿದ್ಯೆಯೆಲ್ಲ ಒಂದು ಸೂಜಿಯ ಮೊನೆಗೆ ಬಂದು ನಿಂತಿತ್ತು.

ಎರಡನೆಯ ದಿನ ಮಲ್ಲಮ್ಮ ಬಂದಳು. ಕ್ಯಾಸೆಟ್ ಆಯಿತೇ ಎಂದು ಕೇಳಿದಳು. ಇಲ್ಲ, ಯಂತ್ರ ಕೆಟ್ಟಿದೆ, ಸರಿಮಾಡುತ್ತಿದ್ದೇವೆ ಎಂದೆ. ಟೇಪು ಅಳಿಸಿದ್ದನ್ನು ಹೇಳಲಿಲ್ಲ. ಅವಳು ನಮ್ಮಿಬ್ಬರ ನಡುವೆ ಚಾಚಿದ ಕೇಬಲ್ಲನ್ನು ನೋಡಿ, "ನೂಲು ಹುರಿ ಹಾಕ್ದಂಗ ಅದಲ್ರಿ," ಎಂದು ಹೇಳಿ, ಸೋಮವಾರ ಕಚೇರಿಗೇ ಬರುತ್ತೇನೆ ಎಂದು ಹೊರಟಳು.

ಮೂರನೆಯ ಕೇಬಲ್ಲಿನ ಒಂದು ತಂತಿ ನೆಟ್ಟಗಿದ್ದಾಗ ಕುಂಯ್ ಎನ್ನುತ್ತಿತ್ತು, ಬಾಗಿಸಿದರೆ ಸುಮ್ಮನಾಗುತ್ತಿತ್ತು. ಗುರುಬಸಪ್ಪನವರು ತುದಿಯ ಕವಚ ಬಿಚ್ಚಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟುಕೊಂಡು, ಆ ಎಳೆಯನ್ನು ಬೆಸೆದರು. ಕೋಣೆಯ ತುಂಬ ರಾಳದ ಹೊಗೆ. ಹಚ್ಚಿ ನೋಡಿದೆವು. ನಾಲ್ಕೂ ಡಿಸ್ಕು ಹಾಜರಿ ಹೇಳಿದವು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ತಡೀರಿ, ಗಾಡಿ ಇನ್ನೂ ಸ್ಟೇಶನ್ ಬಿಟ್ಟಿಲ್ಲ," ಎಂದರು.

ಅವರು ಹೇಳಿದ್ದು ನಿಜವಾಯಿತು. ತರಗತಿಯ ದೃಶ್ಯವನ್ನು ಕಂಪ್ಯೂಟರಿನ ಒಳಗಿನ ಸಾದಾ ಡಿಸ್ಕಿಗೆ ನಕಲು ಮಾಡಲು ಹೋದರೆ ಅರ್ಧಕ್ಕೆ ನಿಂತಿತು. ಮತ್ತೆ ಮಾಡಿದೆವು, ಮತ್ತೆ ನಿಂತಿತು. ಕೊನೆಯ ಮುಚ್ಚಳವೂ ಸೋತಿದೆ ಎಂದು ಅವರ ಅನುಮಾನ. ಹೊಸ ಮುಚ್ಚಳ ಪುಣೆಯಲ್ಲಿ ಎಲ್ಲೂ ಸಿಗಲಿಲ್ಲ, ಮುಂಬೈಯಿಂದ ಬರಲು ವಾರ ಬೇಕು. ಆಗಲೇ ಶನಿವಾರ ಬಂದಿತ್ತು. ಜಯಂತರಾವ್ ಬಂದು ನಿಂತರು.

ಅಂದು ಅವರಿಗೆ ಎಲ್ಲ ಹೇಳಿದೆ. ನನ್ನ ಮರಾಠಿ ಅವಸರದಲ್ಲಿ ಕನ್ನಡವಾಗಿಬಿಡುತ್ತದೆ. ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಹೇಳಿದೆ. ಟೇಪು ಅಳಿಸಿದವನು ನಾನು, ತೂತು ಕೊರೆದವನು ನಾನು, ಈ ನಾಲ್ಕು ಡಿಸ್ಕುಗಳನ್ನು ಬಿಟ್ಟರೆ ಆ ಮನುಷ್ಯ ಅಲ್ಲಿದ್ದ ಎನ್ನಲು ಬೇರೇನೂ ಇಲ್ಲ, ಅಳಿಸುವುದಾದರೆ ನೀವೇ ನಿಮ್ಮ ಕೈಯಿಂದ ಅಳಿಸಿ, ನಾನು ಆ ಗುಂಡಿ ಒತ್ತುವುದಿಲ್ಲ ಎಂದೆ. ನನ್ನ ಬದುಕಿನಲ್ಲಿ ಮಾಲೀಕರೊಬ್ಬರ ಎದುರು ಹಾಗೆ ಮಾತಾಡಿದ್ದು ಅದೊಂದೇ ಸಲ. ಜಯಂತರಾವ್ ನೆಲದ ಮೇಲೆ ಹರಡಿದ್ದ ಕೇಬಲ್ಲು, ನೋಟ್‌ಬುಕ್ಕಿನ ಗೀಟುಗಳು, ಬರಿಗಾಲಲ್ಲಿ ಕೂತ ಮುದುಕರನ್ನು ನೋಡಿದರು. ಹೆಲ್ಮೆಟ್ ತಲೆಗೇರಿಸಿದರು. "ಸೋಮವಾರ್," ಎಂದು ಇನ್ನೆರಡು ದಿನದ ಗಡುವು ಕೊಟ್ಟು ಹೊರಟುಹೋದರು.

ಗುರುಬಸಪ್ಪನವರು ರೊಟ್ಟಿ ಮುಗಿಸಿ ಕೈ ತೊಳೆದು ಬಂದು ಕೇಳಿದರು.

"ಇದರ ವೇಗಾ ಇಳಸಲಿಕ್ಕೆ ಬರ್ತದೇನು?"

"ಬರ್ತದ. ಆದ್ರ ಇಳಸಿದ್ರ ಚಿತ್ರಾ ಓಡೂದಿಲ್ಲ. ವೇಗಕ್ಕಂತನ ಇದನ್ನ ತಂದದ್ದು."

"ಚಿತ್ರಾ ಓಡಸೂದು ಯಾಕ? ನಮಗ ಸಾಮಾನು ಈ ಕಡಿಂದ ಆ ಕಡಿಗೆ ಸಾಗಸೂದದ. ಹಳಿ ಸಡ್ಲ ಆದಲ್ಲಿ ನಾವು ಗಾಡಿ ನಿಲ್ಸಂಗಿಲ್ಲ. ಹತ್ತು ಮೈಲಿ ವೇಗದಾಗ ನಡಸು ಅಂತ ಡ್ರೈವರನ ಕೈಯಾಗ ಚೀಟಿ ಕೊಡ್ತೀವಿ. ಮೆಲ್ಲಕ ದಾಟ್ತದ, ಆದ್ರ ದಾಟ್ತದ."

ನನಗೆ ಅದು ಹೊಳೆದಿರಲೇ ಇಲ್ಲ. ಎಲ್ಲ ವರ್ಷಗಳ ನನ್ನ ಕಲಿಕೆ ವೇಗ ಹೆಚ್ಚಿಸುವುದರ ಬಗ್ಗೆಯೇ ಇತ್ತು. ಅದೇ ನಿಯಮಪತ್ರದಲ್ಲಿ ಹಳೆಯ, ನಿಧಾನದ ವೇಗಗಳೂ ಇದ್ದವು. ಹೊಸ ಯಂತ್ರ ಹಳೆಯದರ ಜೊತೆಗೂ ಮಾತಾಡಲಿ ಎಂದು ಉಳಿಸಿದ್ದರು. ನಾನು ಆ ಪುಟ ದಾಟಿಸಿ ಓದಿದ್ದೆ. ಭಾನುವಾರ ಬೆಳಿಗ್ಗೆ ಸೆಟಿಂಗ್ ತೆರೆದು ವೇಗ ಇಪ್ಪತ್ತಿದ್ದುದನ್ನು ಹತ್ತು ಮಾಡಿದೆ. ನಕಲು ಮುಕ್ಕಾಲಿನವರೆಗೆ ಹೋಗಿ ನಿಂತಿತು. ಐದು ಮಾಡಿದೆ. ಪರದೆಯ ಮೇಲಿನ ನೀಲಿ ಪಟ್ಟಿ ಇರುವೆಯ ಹಾಗೆ ಹೊರಟಿತು. ಎಡವಿದಲ್ಲಿ ನಿಲ್ಲುತ್ತಿತ್ತು, ಮತ್ತೆ ಓದುತ್ತಿತ್ತು, ಮತ್ತೆ ಹೊರಡುತ್ತಿತ್ತು. ಗುರುಬಸಪ್ಪನವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಯಾರೂ ಕೇಬಲ್ಲಿನ ಹತ್ತಿರ ನಡೆದಾಡಬಾರದು ಎಂದು ನನಗೆ ತಾಕೀತು ಮಾಡಿದರು. ಅಲ್ಲಿದ್ದವರು ನಾವಿಬ್ಬರೇ.

ಮಧ್ಯಾಹ್ನದ ಮೇಲೆ ಪಟ್ಟಿ ತುಂಬಿತು. ಆ ನಕಲನ್ನು ತೆರೆದು, ಸಾದಾ ಡಿಸ್ಕಿಗೆ ತಾಳುವಂತೆ ಚಿತ್ರದ ಗುಣಮಟ್ಟ ಇಳಿಸಿ ಓಡಿಸಿದೆ. ತಾಡಪತ್ರಿ ಬಂತು, ಪಾಟಿ ಬಂತು, ಮುಖ ಬಂತು. ಒಂದು ಕಡೆ ಚಿತ್ರ ಹರಿದಂತೆ ಚೌಕಚೌಕವಾಗಿ ಒಡೆದು ಮತ್ತೆ ಕೂಡಿತು. ಧ್ವನಿ ಒಡೆಯಲಿಲ್ಲ. "ಹಣಮಂತ. ಈ ಗ್ವಾಡಿ ನಾನೇ ಕಟ್ಲಾಕತ್ತೀನ್ರಿ." ಗುರುಬಸಪ್ಪನವರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾನು ಮೂರು ಕ್ಯಾಸೆಟ್ ಮಾಡಿದೆ, ಮೂರನ್ನೂ ಓಡಿಸಿ ನೋಡಿದೆ.

ಸೋಮವಾರ ಕಚೇರಿಗೆ ನಾವಿಬ್ಬರೂ ಹೋದೆವು. ಟಿವಿಯನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ, ಅವರು ವಿಸಿಆರ್ ಹಿಡಿದಿದ್ದರು. ಗುತ್ತೇದಾರನ ಕಡೆಯವನೊಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಚಿತ್ರ ನೋಡಿ, ಯಾರೋ ಒಬ್ಬ ಗೋಡೆಯ ಮುಂದೆ ಕೂತಿದ್ದಾನೆ, ಇದರಿಂದ ಏನಾಯಿತು ಎಂದ. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಚಿತ್ರದಲ್ಲಿರುವವನು ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಲ್ಲಮ್ಮ ಎದ್ದು ಟಿವಿಯ ಪಕ್ಕದಲ್ಲಿ ನಿಂತು, ತನಗೆ ಬಂದಷ್ಟು ಮರಾಠಿಯಲ್ಲಿ ಒಂದೊಂದೇ ಶಬ್ದ ಹೇಳಿದಳು. ಇವನ ಹೆಸರು ಹಣಮಂತ. ಈ ಗೋಡೆ ಇವನು ಕಟ್ಟುತ್ತಿದ್ದಾನೆ. ಆಮೇಲೆ ಬೆರಳಿನಿಂದ ಪರದೆಯ ಮೇಲೆ ಗುತ್ತೇದಾರನ ಹಲಗೆಯನ್ನು ಮುಟ್ಟಿ ತೋರಿಸಿದಳು. ಅಧಿಕಾರಿ ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೊಮ್ಮೆ. ಮೂರನೆಯ ಸಲ ನೋಡಿದ ಮೇಲೆ ಕನ್ನಡಕ ತೆಗೆದು ಬರೆಯತೊಡಗಿದರು. ಇಸ್ತ್ರಿ ಅಂಗಿಯವನು ನೆಲ ನೋಡುತ್ತಿದ್ದ.

ಪ್ರಕರಣ ಪೂರ್ತಿ ಮುಗಿಯಲು ಮತ್ತೆ ಎಂಟು ತಿಂಗಳು ಹಿಡಿಯಿತು. ಆದರೆ ಹಣಮಂತ ಅಲ್ಲಿ ಕೆಲಸಕ್ಕಿದ್ದ ಎಂಬುದು ಅಂದೇ ಕಾಗದಕ್ಕೆ ಬಂತು, ಮತ್ತೆ ಯಾರೂ ಅದನ್ನು ಇಲ್ಲವೆನ್ನಲಿಲ್ಲ.

ಆಮೇಲೆ ಕಜ್ಜಿಯ ಕಾಲ ಮುಗಿಯಿತು. ಫೈರ್‌ವೈರ್ ಬಂತು, ಬೆರಳಿನಷ್ಟು ತೆಳುವಾದ ಒಂದು ಕೇಬಲ್ ಕ್ಯಾಮೆರಾದಿಂದ ನೇರ ಕಂಪ್ಯೂಟರಿಗೆ. ಮುಚ್ಚಳ ಬೇಡ, ಸಂಖ್ಯೆ ಬೇಡ. ಅದರ ಎರಡನೆಯ, ಇನ್ನೂ ಚುರುಕಿನ ಅವತಾರ ಬಂತು. ಈಗ ನಮ್ಮ ಸ್ಟುಡಿಯೋದಲ್ಲಿ ಗಾಜಿನ ಎಳೆಯ ಕೇಬಲ್ಲು ಗೋಡೆಗಳನ್ನು ದಾಟಿ ಹೋಗುತ್ತದೆ, ಯಾವ ತಕರಾರೂ ಇಲ್ಲ. ಪ್ರತಿ ಸಲ ಹೊಸದು ಬಂದಾಗಲೂ ಮೊದಲು ನಾನು ದಾಟಿಸುವುದು ಹಣಮಂತನ ಆ ನಲವತ್ತು ಸೆಕೆಂಡು. ದಾಟಿಸಿ, ಓಡಿಸಿ ನೋಡಿ, ಆಮೇಲೆ ಉಳಿದ ಕೆಲಸ. ಗುರುಬಸಪ್ಪನವರು ತೀರಿಹೋಗಿ ಐದು ವರ್ಷವಾಯಿತು.

ಇಷ್ಟೆಲ್ಲ ದಾಟಿಸಿದ ನಾನು ಒಂದು ಮಾತನ್ನು ಮಾತ್ರ ಕೋಥರೂಡದಿಂದ ಯೆರವಡಾಕ್ಕೆ ದಾಟಿಸಿರಲಿಲ್ಲ. ಮಲ್ಲಮ್ಮ ಕಣ್ಣೆದುರಿಗೆ ಬಂದರೆ ಕೃತಜ್ಞತೆ ಹೇಳುತ್ತಾಳೆಂದು ಹೆದರಿ ಹನ್ನೊಂದು ವರ್ಷ ಆ ಕಡೆ ಹೋಗುವುದನ್ನೇ ತಪ್ಪಿಸಿದ್ದೆ. ಮೊನ್ನೆ ರಿಪೇರಿ ಅಂಗಡಿಯಿಂದ ಮನೆಗೆ ಹೋಗಿ ಸೊಪ್ಪು ಕೊಟ್ಟು, ಆ ನಲವತ್ತು ಸೆಕೆಂಡನ್ನು ಒಂದು ಸೀಡಿಗೆ ಹಾಕಿಕೊಂಡು ಯೆರವಡಾದ ಬಸ್ ಹತ್ತಿದೆ. ಅಕ್ಷರ ಕಲಿಸುವ ಗುಂಪಿನವರು ಮನೆ ತೋರಿಸಿದರು.

ಮಲ್ಲಮ್ಮ ಈಗ ಹೆಂಗಸರ ಒಂದು ಕೆಲಸಗಾರ ತಂಡದ ಮುಂದಾಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಗುರುತು ಹಿಡಿದಳು, ಬಾಗಿಲ ಮುಂದೆ ಕುರ್ಚಿ ಹಾಕಿದಳು. ನಾನು ಕೂಡುವ ಮೊದಲೇ ಹೇಳಿಬಿಟ್ಟೆ: ಹಣಮಂತನ ಮೂಲ ಟೇಪು ಅಳಿಸಿದವನು ನಾನು, ಡಿಸ್ಕು ಕೆಡಲು ಕಾರಣನೂ ನಾನೇ.

"ಗೊತ್ತಿತ್ರಿ," ಎಂದಳು. "ಆ ರೈಲ್ವಿ ಅಜ್ಜ ವಿಚಾರಣಿ ದಿನಾನ ಬಸ್ ಸ್ಟಾಪಿನ್ಯಾಗ ಹೇಳಿದ್ದ."

ನಾನು ಸೀಡಿಯನ್ನು ಅವಳ ಕೈಗಿಟ್ಟು ಕುರ್ಚಿಯಲ್ಲಿ ಕೂತೆ.

"ಸಿಟ್ಟು ಬಂದಿತ್ತು. ಭಾಳ ದಿನ ಇತ್ತು. ಈಗ ಅಷ್ಟಿಲ್ಲ. ನೀವೇ ಬಂದು ಹೇಳಲಿ ಅಂತ ಅನಸ್ತಿತ್ತು. ಹೇಳಿದ್ರಿ," ಎಂದಳು.

ಆಮೇಲೆ ಅವಳು ತನ್ನ ಕೆಲಸದ ಮಾತಿಗೆ ಬಂದಳು. ಈಗಲೂ ಎಷ್ಟೋ ಸೈಟುಗಳಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದೆ ದುಡಿಯುತ್ತಾರೆ, ಗೋಡೆ ಬಿದ್ದ ಮೇಲೆ ಚಿತ್ರ ಹುಡುಕುವುದಕ್ಕಿಂತ ಮೊದಲೇ ತೆಗೆದಿಟ್ಟುಕೊಂಡರೆ ಆಗದೇ ಎಂದು ಕೇಳಿದಳು. ಕೇಳಿದಳು ಎಂದೆ, ಅದು ಕೇಳಿದ ಹಾಗಿರಲಿಲ್ಲ. "ಐತವಾರ ನಿಮಗ ರಜಾ ಇರ್ತದಲ್ರಿ?"

ನಿನ್ನೆ ಭಾನುವಾರ. ಸಣ್ಣ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. ಮಲ್ಲಮ್ಮ ಇಪ್ಪತ್ತು ಇಪ್ಪತ್ತೈದು ಜನರನ್ನು ಸಾಲಾಗಿ ನಿಲ್ಲಿಸಿದ್ದಳು. ಮೊದಲಿಗೆ ಬಂದವಳು ಸುರಪುರದ ಕಡೆಯ ಹೆಂಗಸು, ಸೆರಗು ಸರಿಮಾಡಿಕೊಂಡು, ಏನು ಹೇಳಬೇಕೆಂದು ಕೇಳಿದಳು.

"ನಿನ್ನ ಹೆಸರು ಹೇಳು. ಎಲ್ಲಿ ಕೆಲಸ ಮಾಡ್ಲಾಕತ್ತೀ ಹೇಳು. ಸಾವಕಾಶ ಹೇಳು," ಎಂದಳು ಮಲ್ಲಮ್ಮ.

ಆಕೆ ಹೇಳಿದಳು. ನಾನು ಹಿಂದಕ್ಕೆ ಓಡಿಸಿ, ಮುಖ ಸ್ಪಷ್ಟವಾಗಿದೆಯೇ, ಧ್ವನಿ ಕೇಳುತ್ತಿದೆಯೇ ನೋಡಿ, ಆಕೆಗೂ ತೋರಿಸಿದೆ. ಅಲ್ಲಿಯೇ ಕೂತು ಎರಡು ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಮಲ್ಲಮ್ಮನ ಕೈಗೆ ಕೊಡುವುದೆಂದು ಮೊದಲೇ ಠರಾಯಿಸಿಕೊಂಡಿದ್ದೆವು. ಬಿಸಿಲು ಏರುತ್ತಿತ್ತು, ಸಾಲು ಉದ್ದವಿತ್ತು. ಮುಂದಿನವರು ಬರ್ರಿ ಎಂದೆ.